ಎರಡು ಪೀಪಾಯಿಯ ನ್ಯಾತಾಪ್

ನಮ್ಮ ವೆಚ್‌ದಿತ್ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ನಾನು, ಬೈದವಳು ನ್ಯಾತಾಪ್. ಅವಳ ಕೆಲಸ ನೀರು ಕೊಡುವುದು, ನನ್ನ ಕೆಲಸ ರಕ್ತ ಕೇಳುವುದು. ನೀರು ಕೊಡುವವಳ ದಾರಿಯನ್ನು ಎಲ್ಲರೂ ಕಾಯುತ್ತಾರೆ. ರಕ್ತ ಕೇಳುವವನು ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುತ್ತಾರೆ. ಅವಳು ನನ್ನನ್ನು ಸೊಳ್ಳೆ ಅಂತ ಕರೆಯುತ್ತಿದ್ದಳು. ನನ್ನ ಹೆಸರು ಚುವೋಲ್ ಅಂತ ಎಷ್ಟು ಸಲ ಹೇಳಿದರೂ ಅವಳ ಕಿವಿಗೆ ಅದು ಬೀಳಲಿಲ್ಲ.

ಆಸ್ಪತ್ರೆ ಅಂದರೆ ಸೊಬಾತ್ ಹೊಳೆಯ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ ಗುಡಾರಗಳು. ಒಂದರಲ್ಲಿ ಆಪರೇಷನ್, ಉದ್ದನೆಯ ಇನ್ನೊಂದರಲ್ಲಿ ಗಾಯಾಳುಗಳು, ಮೂಲೆಯ ಚಿಕ್ಕದರಲ್ಲಿ ನಾನು, ನನ್ನ ಸೂಜಿಗಳು ಮತ್ತು ಬಿಸಿಲಿನ ಶಕ್ತಿಯಲ್ಲಿ ನಡೆಯುವ ಒಂದು ಫ್ರಿಜ್ಜು. ದೇಶದಲ್ಲಿ ಸರ್ಕಾರದವರಿಗೂ ಬಂಡಾಯದವರಿಗೂ ಯುದ್ಧ ನಡೆದಿತ್ತು. ಆ ಯುದ್ಧದ ಬಂದೂಕುಗಳು ಕೈಯಿಂದ ಕೈಗೆ ಜಾರಿ ನಮ್ಮ ದನಗಾಹಿಗಳ ಹೆಗಲೇರಿದ ಮೇಲೆ ಮೇಲ್‌ಹೊಳೆಯವರಿಗೂ ಕೆಳಹೊಳೆಯವರಿಗೂ ಅವರದ್ದೇ ಬೇರೆ ಯುದ್ಧ. ಈಟಿಯ ಕಾಲದಲ್ಲಿ ಯಾರು ಯಾರನ್ನು ತಿವಿದರು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಗುಂಡಿಗೆ ಹೆಸರೂ ಇಲ್ಲ, ಮುಖವೂ ಇಲ್ಲ. ಅದು ತಗಲುವುದು ಹೆಚ್ಚಾಗಿ ಮೀನು ಹಿಡಿಯುವವರಿಗೆ, ಹಾಲು ಕರೆಯುವವರಿಗೆ, ಜೋಳ ಕುಟ್ಟುವವರಿಗೆ. ಬಂದೂಕು ಬೇಲಿಯಾಚೆ ಬಿಟ್ಟು ಬಂದವರಿಗೆಲ್ಲ ಚಿಕಿತ್ಸೆ ಅಂತ ಡಾಕ್ಟರಮ್ಮನ ಕಟ್ಟಪ್ಪಣೆ. ಆಕೆ ದೂರದ ಬಿಳಿಯರ ದೇಶದವರು, ನಮ್ಮ ಭಾಷೆ ಬಾರದು, ಅವರ ಬಾಯಿ ನಾನೇ ಆಗಿದ್ದೆ. ನಾನು ಎರಡೂ ಕಡೆಗೆ ಸೇರದ ದೂರದ ಊರಿನವನು. ಈ ಕೆಲಸ ಸಿಕ್ಕಿದ್ದೂ ಅದಕ್ಕೇ.

ಎರಡೂ ಕಡೆಯವರು ಒಂದೇ ಗುಡಾರದಲ್ಲಿ ಮಲಗುವುದು ಕಷ್ಟವಾಗಲಿಲ್ಲ. ನೋವಿನಲ್ಲಿರುವವನಿಗೆ ಪಕ್ಕದ ಮಂಚದವನು ಶತ್ರು ಅಂತ ನೆನಪಿಡಲು ಪುರುಸೊತ್ತೆಲ್ಲಿ? ಕಷ್ಟವಾದದ್ದು ನೀರು. ಕೊಲೆಯಾದ ಮೇಲೆ ಕೊಂದವರು ದನ ಕೊಟ್ಟು, ಹಿರಿಯರು ಹೋರಿ ಕಡಿದು ರಾಜಿ ಮಾಡಿಸುವ ತನಕ, ಆ ಎರಡು ಕಡೆಯವರು ಒಂದೇ ಪಾತ್ರೆಯಲ್ಲಿ ಉಣ್ಣುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಉಂಡರೆ ನಂಜೇರುತ್ತದೆ. ಆ ನಂಜಿಗೆ ಮದ್ದಿಲ್ಲ. ಇದನ್ನು ತಾಯಿಹಾಲಿನ ಜೊತೆಗೇ ಕುಡಿದವರು ನಾವು. ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ನೀರಿನ ಪೀಪಾಯಿ, ಸರಪಳಿ ಕಟ್ಟಿದ ಒಂದೇ ಲೋಟ. ಗಾಯಾಳುಗಳ ತುಟಿ ಒಡೆದು ರಕ್ತ ಬಂದರೂ ಒಬ್ಬರೂ ಬಾಯಿ ತೆರೆಯಲಿಲ್ಲ. ಡಾಕ್ಟರಮ್ಮ ಧನುರ್ವಾಯು ಇರಬೇಕೆಂದು ಒಬ್ಬೊಬ್ಬರ ದವಡೆ ಒತ್ತಿ ನೋಡಿದರು. ನಾನು ನಿಜ ಹೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಆಗ ಬಂದವಳು ನ್ಯಾತಾಪ್. ಅಣ್ಣನ ಮಗನ ತೊಡೆಗೆ ಗುಂಡು ಬಿದ್ದಿತ್ತು, ಅವನ ಆರೈಕೆಗೆ ಬಂದಿದ್ದಳು. ಎಣ್ಣೆ ಖಾಲಿಯಾದ ಪೀಪಾಯಿಯೊಂದನ್ನು ಎಲ್ಲಿಂದಲೋ ಉರುಳಿಸಿಕೊಂಡು ಬಂದು, ಬೂದಿ ಹಾಕಿ ತಿಕ್ಕಿ, ಗುಡಾರದ ಇನ್ನೊಂದು ತುದಿಯಲ್ಲಿ ನಿಲ್ಲಿಸಿ, ತನ್ನ ಸೆರಗಿನಿಂದ ನೀಲಿ ಚಿಂದಿ ಹರಿದು ಕಟ್ಟಿದಳು.

"ನೀಲಿದು ಮೇಲಿನೋರಿಗೆ, ಹಳೇದು ನಮಗೆ. ಲೋಟ ಬೆರೆಸಿದೋರ ಕೈ ಮುರೀತೀನಿ" ಅಂದಳು. ಅವಳೂ ಕೆಳಹೊಳೆಯವಳೇ. ಆದರೆ ಬಡಿಸುವ ಕೈಗೆ ನಂಜಿಲ್ಲ, ಕುಡಿಯುವ ಬಾಯಿಗೆ ಮಾತ್ರ. ಅರ್ಧ ಗಂಟೆಯಲ್ಲಿ ಎರಡೂ ಪೀಪಾಯಿ ಖಾಲಿ. ಡಾಕ್ಟರಮ್ಮ ಅವಳನ್ನು ಅಂದೇ ಕೆಲಸಕ್ಕಿಟ್ಟುಕೊಂಡರು. ಅಣ್ಣನ ಮಗ ಗುಣವಾಗಿ ದನ ಕಾಯಲು ಹೋದ, ಇವಳು ಇಲ್ಲೇ ಉಳಿದಳು.

ನ್ಯಾತಾಪ್ ಅಂದರೆ ಹೊಗೆಸೊಪ್ಪಿನ ಮಗಳು ಅಂತ. ಹೊಗೆಸೊಪ್ಪು ಚೆನ್ನಾಗಿ ಬಂದ ವರ್ಷ ಹುಟ್ಟಿದ್ದಳಂತೆ. ಹೆಸರನ್ನು ಸುಳ್ಳು ಮಾಡಬಾರದು ಅಂತಲೋ ಏನೋ, ಚಿಲುಮೆ ಅವಳ ಬಾಯಿ ಬಿಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಆಪರೇಷನ್ ಗುಡಾರದ ಹಿಂದೆ ಕೈಕಾಲು ತೊಳೆದ ನೀರು ಹರಿಯುವ ಜಾಗದಲ್ಲಿ ಹೊಗೆಸೊಪ್ಪಿನ ಸಣ್ಣ ಪಾತಿಯನ್ನೂ ಮಾಡಿದ್ದಳು. ಎತ್ತರದ ಹೆಂಗಸು, ಒಣಗಿದ ಮೈ, ಕೋಲಿನ ಹಾಗೆ ನೆಟ್ಟಗಿನ ಬೆನ್ನು. ನಾಲಿಗೆಯ ಮಾತು ಬೇಡ. ಗುಂಡಿನ ಗಾಯವನ್ನು ಕೂಡಲೇ ಹೊಲಿಯಬಾರದು, ಒಳಗೆ ಕೀವಾಗುತ್ತದೆ, ತೊಳೆದು ತೆರೆದೇ ಇಟ್ಟು ಕೆಲವು ದಿನ ಬಿಟ್ಟು ಹೊಲಿಯುತ್ತಾರೆ. ಇದನ್ನು ಕಂಡ ನೆಂಟರು ದಿನಾ ಜಗಳಕ್ಕೆ ಬರುತ್ತಿದ್ದರು: ಈಯಮ್ಮ ಅರ್ಧ ಕೆಲಸ ಮಾಡಿ ಕೈ ತೊಳ್ಕೊಂಡ್ಲು ಅಂತ. ಅವರನ್ನು ಓಡಿಸುವ ಕೆಲಸವನ್ನೂ ನ್ಯಾತಾಪ್ ತಾನೇ ವಹಿಸಿಕೊಂಡಳು. "ಮೀನು ಸೀಳಿ ಒಣಗಾಕ್ತೀಯಲ್ಲ, ಯಾವತ್ತಾದ್ರೂ ಹೊಲಿದು ಒಣಗಾಕಿದೀಯಾ? ಹೋಗ್ ಅತ್ಲಾಗಿ!" ಅನ್ನುತ್ತಿದ್ದಳು. ಅದು ಸರಿಯಾದ ಕಾರಣವಲ್ಲ. ಆದರೆ ನೆಂಟರು ತಲೆ ಅಲ್ಲಾಡಿಸಿಕೊಂಡು ಹೋಗುತ್ತಿದ್ದರು.

ಕೇಳದೆ ಇರಲಾರದ ರೋಗ ನನಗೆ ಹುಟ್ಟಿನಿಂದಲೇ ಇದೆ. ಅವಳ ನಿಯಮಕ್ಕೆ ಎಲ್ಲಿ ಬಿರುಕಿದೆ ಅಂತ ನೋಡುವ ಚಪಲ.

"ಅಜ್ಜಿ, ಎರಡೂ ಪೀಪಾಯಿಗೂ ನೀನು ತುಂಬೋದು ಇದೇ ಹೊಳೆ ನೀರು. ಹಂಗಾದ್ರೆ ಎಲ್ಲರೂ ಒಂದೇ ಹೊಳೇಲಿ ಕುಡಿದ ಹಂಗಾಗ್ಲಿಲ್ವಾ?"

"ಹೊಳೆ ಯಾರಪ್ಪನ ಪಾತ್ರೆ?"

"ಎರಡೂ ಊರಿನ ಹಸು ಒಂದೇ ಹುಲ್ಲು ತಿನ್ನುತ್ವೆ. ಹಾಲು?"

"ಹಸು ಯಾರನ್ನ ಕೊಂದಿದೆ ಹೇಳು? ಸುಮ್ನೆ ಹೋಗಿ ನಿನ್ ಸೂಜಿ ನೋಡ್ಕೋ."

ಅವಳು ಇಷ್ಟು ಕಟ್ಟುನಿಟ್ಟಾಗಿರಲು ಕಾರಣವಿತ್ತು. ಅವಳಿಗಿದ್ದ ಒಬ್ಬನೇ ಮಗ ಬೋಲ್ ಬೇಸಗೆಯ ದನದ ಹಟ್ಟಿಯಲ್ಲಿ ಮೇಲ್‌ಹೊಳೆಯವರ ಗುಂಡಿಗೆ ಸತ್ತಿದ್ದ. ಯಾರೂ ದನ ಕೊಡಲಿಲ್ಲ, ಯಾರೂ ಹೋರಿ ಕಡಿಯಲಿಲ್ಲ. ಹೊಡೆದವನು ಇವನೇ ಅಂತ ಯಾರೂ ಒಪ್ಪಿಕೊಳ್ಳದಿದ್ದರೆ ರಾಜಿ ಯಾರ ಜೊತೆ? ಸೊಸೆ ಅದರ ಹಿಂದೆಯೇ ಕಾಲಾ ಅಜಾರ್ ಜ್ವರದಲ್ಲಿ ಹೋದಳು. ಉಳಿದದ್ದು ಮೊಮ್ಮಗಳು ತಾಬಿತಾ, ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ವಯಸ್ಸು. ಅಜ್ಜಿಯ ಹಿಂದೆ ಹಿಂದೆ ಬಾಲದ ಹಾಗೆ ತಿರುಗುತ್ತಿತ್ತು. ಮೇಲ್‌ಹೊಳೆಯ ಗಾಯಾಳುಗಳಿಗೆ ನ್ಯಾತಾಪ್ ನೀರು ಕೊಡುತ್ತಿದ್ದಳು, ಮಲದ ಪಾತ್ರೆ ತೆಗೆಯುತ್ತಿದ್ದಳು, ನೋವಿಗೆ ಅರಚಿದರೆ ಗದರಿಸುತ್ತಿದ್ದಳು. ಅವರ ಹೆಸರು ಮಾತ್ರ ಒಂದು ದಿನವೂ ಕೇಳಲಿಲ್ಲ.

ಆ ಬೇಸಗೆಯಲ್ಲಿ ನೀಲಿ ಪೀಪಾಯಿಯ ಪಕ್ಕದ ಮಂಚ ಕೆಯಾಕ್ ಎನ್ನುವವನದು. ಮೇಲ್‌ಹೊಳೆಯವನು, ತೊಡೆಮೂಳೆ ಪುಡಿಯಾಗಿ ಕಾಲನ್ನು ಮೇಲಕ್ಕೆತ್ತಿ ಕಟ್ಟಿ ತುದಿಗೆ ಮರಳಿನ ಚೀಲ ನೇತುಹಾಕಿದ್ದರು. ಎದ್ದು ಓಡಾಡಲಾಗದ ಮನುಷ್ಯನ ಶಕ್ತಿಯೆಲ್ಲ ಬಾಯಿಗೆ ಬಂದು ಸೇರಿತ್ತು. ಅವನ ಹೆಂಡತಿ ರೆಬೆಕಾ ಅದಕ್ಕೆ ತದ್ವಿರುದ್ಧ, ಒಂದು ಮಾತು ಆಡಲು ಎರಡು ಸಲ ಯೋಚಿಸುವವಳು. ಗಂಡನ ಆಪರೇಷನ್ನಿಗೆ ಆಕೆಯೇ ರಕ್ತ ಕೊಟ್ಟಿದ್ದರಿಂದ ಆಕೆಯ ಗುಂಪು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ದೋಣಿಕಟ್ಟೆಯ ಸಂತೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು. ಒಣಮೀನು ಕೊಟ್ಟು ಸಕ್ಕರೆ ತರಲು ಅಜ್ಜಿ ತಾಬಿತಾಳನ್ನು ಅಲ್ಲಿಗೇ ಕಳಿಸಿದ್ದಳು. ಸ್ವಲ್ಪ ಹೊತ್ತಿಗೆ ನಾಲ್ಕು ಜನ ಹುಡುಗಿಯನ್ನು ಚಾಪೆಯಲ್ಲಿ ಹೊತ್ತು ತಂದರು. ಹೊಟ್ಟೆಯ ಎಡಕ್ಕೆ ಗುಂಡು ಹೊಕ್ಕಿತ್ತು. ಯಾರು ಹೊಡೆದರೋ, ಯಾರಿಗೆ ಹೊಡೆದರೋ. ನ್ಯಾತಾಪ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನೆಟ್ಟಗೆ ನಿಂತಳು. ಅಳಲಿಲ್ಲ. ಚಿಲುಮೆ ಬಾಯಲ್ಲೇ ಇತ್ತು, ಆರಿಹೋಗಿತ್ತು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. "ಪಕ್ಕೆಯೊಳಗಿನ ಗುಲ್ಮ ಹರಿದು ರಕ್ತ ಒಳಗೇ ಸುರೀತಿದೆ. ತೆರೀಲೇಬೇಕು. ರಕ್ತ ಇಲ್ಲದೆ ತೆರೆದ್ರೆ ಮೇಜಿನ ಮೇಲೇ ಹೋಗ್ತಾಳೆ. ಚುವೋಲ್, ಓಡು."

ಎಲ್ಲಿಗೆ ಓಡಲಿ? ಫ್ರಿಜ್ಜು ಖಾಲಿ. ಹಿಂದಿನ ವಾರದ ಗಾಯಾಳುಗಳಿಗೆ ಎಲ್ಲ ಮುಗಿದಿತ್ತು, ಅಕಾಲದ ಮಳೆಗೆ ಕೆಸರಾದ ರನ್‌ವೇ ಒಣಗದೆ ವಿಮಾನ ಬಂದಿರಲಿಲ್ಲ. ತಾಬಿತಾಳದು ತನ್ನ ಗುಂಪಿನದನ್ನು ಬಿಟ್ಟು ಬೇರೆ ಯಾವುದನ್ನೂ ಒಪ್ಪದ ರಕ್ತ. ನ್ಯಾತಾಪ್‌ದು ಹೊಂದಲಿಲ್ಲ. ನನ್ನದೂ ಇಲ್ಲ. ಹೊಂದುವ ಸಿಬ್ಬಂದಿಯೆಲ್ಲ ಈಚೆಗಷ್ಟೇ ಕೊಟ್ಟಿದ್ದರು, ಮಿಕ್ಕ ಕೆಳಹೊಳೆಯವರು ಮಲೇರಿಯಾದಲ್ಲಿ ಬಿಳಿಚಿಕೊಂಡು ಮಲಗಿದ್ದರು ಇಲ್ಲವೆ ಸದ್ದು ಕೇಳಿ ಜವುಗಿಗೆ ಓಡಿಹೋಗಿದ್ದರು. ಹೊಂದುವ, ಗಟ್ಟಿಮುಟ್ಟಾದ ಒಂದೇ ತೋಳು ಕಣ್ಣೆದುರಿಗಿತ್ತು. ಅದು ರೆಬೆಕಾಳದು, ಆಕೆ ಗಂಡನಿಗೆ ಕೊಟ್ಟು ತಿಂಗಳ ಮೇಲಾಗಿತ್ತು.

"ಹೇಳದೆ ಕೊಟ್ಟುಬಿಡೋಣ" ಅಂದರು ಡಾಕ್ಟರಮ್ಮ.

"ಗುಡಾರದಲ್ಲಿ ಗುಟ್ಟು ಎಲ್ಲಿ ಉಳಿಯುತ್ತೆ ಡಾಕ್ಟರಮ್ಮ? ಮುದುಕಿ ಕೊಳವೆ ಕಿತ್ತು ಎಸೀತಾಳೆ. ಅಷ್ಟಕ್ಕೂ ಆಕೆ ತೋಳು ಕೊಡ್ಬೇಕಲ್ಲ."

ಹೋಗಿ ಹೇಳಿದೆ. ಮೊದಲು ಮಾತಾಡಿದವನು ನಿರೀಕ್ಷೆಯಂತೆ ಕೆಯಾಕ್, ಕಾಲು ಆಕಾಶಕ್ಕೆ ಚಾಚಿಕೊಂಡೇ.

"ಆಗಲ್ಲ! ಅವಳ ರಕ್ತ ಹೋದ್ಮೇಲೆ ಹುಡುಗಿ ಸತ್ರೆ? ಗುಂಡು ಹೊಡೆದೋನು ತಪ್ಪಿಸ್ಕೋತಾನೆ, ಕೊಂದವಳು ರೆಬೆಕಾ ಅಂತಾರೆ. ನನ್ನ ಹಟ್ಟಿ ದನವೆಲ್ಲ ಹೊಡ್ಕೊಂಡು ಹೋಗ್ತಾರೆ. ಕಾಲಂತೂ ಹೋಯ್ತು, ದನಾನೂ ಹೋಗ್ಲಾ?"

ರೆಬೆಕಾ ತೋಳುಗಳನ್ನು ಬಟ್ಟೆಯೊಳಗೆ ಎಳೆದುಕೊಂಡಳು. ನಾನು ನ್ಯಾತಾಪ್ ಕಡೆ ತಿರುಗಿದೆ.

"ಅಜ್ಜಿ, ಇದು ಕುಡಿಯೋದಲ್ಲ. ಬಾಯಿಗೆ ಹೋಗೋದೇ ಇಲ್ಲ. ತೋಳಿಂದ ತೋಳಿಗೆ."

"ಕುಡಿದ ನೀರು ಎಲ್ಲಿಗೆ ಹೋಗತ್ತೆ?"

"ಹೊಟ್ಟೆಗೆ."

"ಹೊಟ್ಟೆಯಿಂದ?"

ನಾನು ಸಿಕ್ಕಿಬಿದ್ದೆ. "ರಕ್ತಕ್ಕೆ."

"ಹಂಗಾದ್ರೆ ಬಾಯಿ ಸುತ್ತಿನ ದಾರಿ, ನಿನ್ನ ಕೊಳವೆ ಅಡ್ಡದಾರಿ. ಲೋಟದಲ್ಲಿ ಕುಡಿದ್ರೇ ನಂಜು ಅನ್ನೋವಾಗ ಅವರ ರಕ್ತಾನೇ ಒಳಗೆ ಬಿಡು ಅಂತೀಯಲ್ಲೋ! ಗುಂಡಲ್ಲಿ ಉಳಿದ್ರೂ ನಂಜಲ್ಲಿ ಹೋಗ್ತಾಳೆ."

ಇಡೀ ಗುಡಾರ ವಾದಕ್ಕಿಳಿಯಿತು. ತೋಳಿಲ್ಲದವನೊಬ್ಬ ರಕ್ತನಾಳವೂ ಒಂದು ಬಾಯಿಯೇ ಅಂದ. ದವಡೆಗೆ ತಂತಿ ಬಿಗಿದಿದ್ದವನು ಹಲ್ಲಿನ ಸಂದಿಯಿಂದಲೇ, ಬಾಯಿ ಅಂದ್ರೆ ಹಲ್ಲಿರಬೇಕು ಅಂತ ಉತ್ತರ ಕೊಟ್ಟ. ಹಿರಿಯರೊಬ್ಬರನ್ನು ಕೇಳಬೇಕು ಅಂತ ಯಾರೋ ಅಂದರು. ಹಿರಿಯರು ಹೊಳೆಯಾಚೆ, ಒಂದು ದಿನದ ದಾರಿ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಬೇರೆ ದಿನವಾಗಿದ್ದರೆ ನಾನೂ ಚಕ್ಕಳಮಕ್ಕಳ ಹಾಕಿ ಕೂತು ಸಂಜೆಯ ತನಕ ಕೇಳುತ್ತಿದ್ದೆ, ಅಂಥ ಚೆಂದದ ವಾದ. ಆದರೆ ತಾಬಿತಾಳ ಕೈ ಮುಟ್ಟಿದೆ, ತಣ್ಣಗಾಗುತ್ತಿತ್ತು. ನನಗೆ ಅಳು ಬಂತು, ಎಲ್ಲರ ಮೇಲೂ ಸಿಟ್ಟು ಬಂತು.

"ಅಜ್ಜಿ, ಹೊತ್ತಿಲ್ಲ" ಅಂದೆ.

ನ್ಯಾತಾಪ್ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಗುಡಾರದ ಉದ್ದಕ್ಕೂ ನಡೆದುಕೊಂಡು ಹೋಗಿ ರೆಬೆಕಾಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಿನ್ನ ಹೆಸರೇನು?"

"ರೆಬೆಕಾ."

"ಹೆಣ್ಮಕ್ಕಳಿದಾರಾ?"

"ಇಲ್ಲ. ಎಲ್ಲ ಗಂಡು."

"ಹಂಗಾದ್ರೆ ತಗೋ. ಇವಳು ಇವತ್ತಿಂದ ನಿನ್ನ ಮಗಳು. ನನ್ನ ಬೋಲ್‌ನ ಮಗಳಲ್ಲ, ನನ್ನ ಮೊಮ್ಮಗಳಲ್ಲ. ತಾಯಿ ರಕ್ತ ಮಗಳಿಗೆ ನಂಜಾಗಲ್ಲ. ಸತ್ರೆ ನಿನ್ನ ಮಗಳು ಸತ್ಲು, ನಿಮ್ಮನ್ನ ಯಾರೂ ದನ ಕೇಳಲ್ಲ. ಬದುಕಿದ್ರೆ ನಿನ್ನ ಮಗಳು ಬದುಕಿದ್ಲು. ಇಲ್ಲಿರೋರೆಲ್ಲ ಕೇಳಿಸ್ಕೊಳ್ಳಿ."

ಇದನ್ನು ಯಾರೂ ಎಣಿಸಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಇಲ್ಲಿ ಕೋಲು ಮುರಿಯುತ್ತಿತ್ತು, ಅದು ಮುದುಕಿಯ ಊರುಗೋಲು. ನ್ಯಾತಾಪ್ ರೆಬೆಕಾಳ ತಲೆ ಹಿಡಿದು ನೆತ್ತಿಯ ಮೇಲೆ ಉಗಿದಳು. ಹಿರಿಯರ ಉಗುಳು ಅಂದರೆ ನಮ್ಮಲ್ಲಿ ಆಶೀರ್ವಾದ. ಹೊಗೆಸೊಪ್ಪಿನ ರಸ ರೆಬೆಕಾಳ ಹಣೆಯ ಮೇಲೆ ಇಳಿಯಿತು.

"ಅಯ್ಯೋ ದೇವರೇ! ಸೋಪು ತನ್ನಿ, ಸೋಪು!" ಅಂತ ಡಾಕ್ಟರಮ್ಮ ಕಿರುಚಿದ್ದು ನನಗೆ ಈಗಲೂ ನಗು ತರಿಸುತ್ತದೆ.

ರೆಬೆಕಾ ಬಟ್ಟೆಯೊಳಗಿಂದ ತೋಳು ಹೊರಗೆ ತೆಗೆದಳು.

ರಕ್ತದ ಚೀಲ ತುಂಬುವ ತನಕ ನಾನು ಅದನ್ನು ಅಂಗೈಯಲ್ಲಿ ತೂಗುತ್ತ ಕೂತೆ. ಇನ್ನೂ ಬೆಚ್ಚಗಿರುವಾಗಲೇ ಒಳಗೆ ಕೊಟ್ಟೆ. ಡಾಕ್ಟರಮ್ಮ ಗುಲ್ಮ ತೆಗೆದರು, ತೂತಾದ ಕರುಳು ಹೊಲಿದರು. ಅವರ ಗಲ್ಲದಿಂದ ಬೆವರು ಹುಡುಗಿಯ ಮೇಲೆ ಬೀಳದ ಹಾಗೆ ಒರೆಸುವುದೂ ನನ್ನ ಪಾಲಿಗೇ ಬಂತು. ಹೊತ್ತು ಇಳಿಯುವಾಗ ನಾಡಿ ಬೆರಳಿಗೆ ಸಿಕ್ಕಿತು. ಹೊರಗೆ ಬಂದು ಬದುಕಿದಳು ಅಂದಾಗ ನ್ಯಾತಾಪ್ ನನ್ನನ್ನು ಬೈಯಲಿಲ್ಲ. ಹೊಗೆಸೊಪ್ಪಿನ ಪಾತಿಯ ಪಕ್ಕ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು.

ನಾನು ಅಂದುಕೊಂಡಿದ್ದು, ಮಾತು ಹೊತ್ತಿಗೆ ಆಡಿದ್ದು, ಹೊತ್ತು ಕಳೆಯಿತು, ಮಾತೂ ಕಳೆಯಿತು ಅಂತ. ನ್ಯಾತಾಪ್ ಹಾಗಂದುಕೊಳ್ಳಲಿಲ್ಲ. ಮರುದಿನ ತಾಬಿತಾಳ ಮಂಚವನ್ನು ನೀಲಿ ಪೀಪಾಯಿಯ ಕಡೆಗೆ ತಾನೇ ತಳ್ಳಿಕೊಂಡು ಹೋದಳು. ಹುಡುಗಿ ನೀರು ಕುಡಿಯಬಹುದು ಅಂತಾದಾಗ ನೀಲಿ ಪೀಪಾಯಿಯಿಂದಲೇ ಕೊಟ್ಟಳು. ಗಂಜಿ ಬಂದಾಗ ಬಟ್ಟಲು ರೆಬೆಕಾಳ ಕೈಗಿತ್ತು ದೂರ ಹೋದಳು.

"ಅಜ್ಜಿ ಯಾಕೆ ನನ್ ಜೊತೆ ಉಣ್ಣಲ್ಲ?" ಹುಡುಗಿ ನನ್ನನ್ನು ಕೇಳಿತು. "ನಾನು ಸಕ್ಕರೆ ಬೀಳಿಸ್ಕೊಂಡು ಬಂದೆ ಅಂತ ಸಿಟ್ಟಾ?"

ಸೀದಾ ನ್ಯಾತಾಪ್ ಹತ್ತಿರ ಹೋದೆ. "ನಿಂದು ಕಲ್ಲೆದೆ ಅಜ್ಜಿ. ಆಪತ್ತಿಗೆ ಆಡಿದ ಮಾತು ಅದು. ಈಗ ಯಾರು ಕೇಳ್ತಾರೆ?"

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಈಗ ಹಿಂದಕ್ಕೆ ತಗೊಂಡ್ರೆ ಆ ರಕ್ತ ಮತ್ತೆ ಅವರದಾಗತ್ತೆ. ಅದು ಅವಳ ಮೈಯೊಳಗಿದೆ ಕಣೋ. ಅಲ್ಲೇ ನಂಜಾಗತ್ತೆ." ನೀಲಿ ಪೀಪಾಯಿಯ ಕಡೆ ನೋಡಿ, "ಅವಳು ದೂರದಲ್ಲಾದ್ರೂ ಉಣ್ಣೋದು ನೋಡ್ತೀನಲ್ಲ, ಸಾಕು" ಅಂದಳು.

ಸಾಕಾಗಿರಲಿಲ್ಲ. ಅವಳ ಪಾಲಿನ ಜೋಳದ ಮುದ್ದೆ ನಾಯಿಗೆ ಹೋಗುತ್ತಿತ್ತು. ಬೈಗುಳಗಳೂ ಸೊರಗಿದವು. ಒಂದು ದಿನ ನನ್ನನ್ನು ಬರೀ "ಏ" ಅಂತ ಕರೆದಳು, ನನಗೆ ಗಾಬರಿಯಾಯಿತು. ರೆಬೆಕಾ ಹುಡುಗಿಯ ಮೈ ಒರೆಸುವಾಗ, ತಲೆ ಹೆಣೆಯುವಾಗ, ಮೊದಮೊದಲು ಮುಖ ತಿರುಗಿಸುತ್ತಿದ್ದ ತಾಬಿತಾ ಆಮೇಲೆ ಆಕೆಯ ತೊಡೆಗೆ ಒರಗಿ ನಿದ್ದೆ ಹೋಗುವಾಗ, ಗುಡಾರದ ಈ ತುದಿಯಲ್ಲಿ ನ್ಯಾತಾಪ್ ಲೋಟ ತಿಕ್ಕಿದ್ದನ್ನೇ ತಿಕ್ಕುತ್ತ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ರೆಬೆಕಾಳೂ ಅವಳನ್ನು ನೋಡುತ್ತಿದ್ದಳು. ಆ ಹೆಂಗಸಿನ ಮನಸ್ಸಿನಲ್ಲಿ ಏನು ನಡೆದಿದೆ ಅಂತ ತಿಳಿಯಲು ನಾನು ಎಷ್ಟು ಕೆದಕಿದರೂ ಉಪಯೋಗವಾಗಲಿಲ್ಲ.

ಕೆಯಾಕ್‌ನ ಮನಸ್ಸು ತಿಳಿಯಲು ಕೆದಕಬೇಕಾಗಿರಲಿಲ್ಲ. ಅವನು ಖುಷಿಯಾಗಿದ್ದ. "ಬರೀ ಗಂಡುಮಕ್ಕಳು ನಂಗೆ. ಹೆಣ್ಣಿನ ಕಡೆಯೋರಿಗೆ ದನ ಕೊಟ್ಟು ಮದುವೆ ಮಾಡಿಸಿ ಮಾಡಿಸಿ ಹಟ್ಟಿ ಖಾಲಿ ಆಗತ್ತೆ ಅಂತಿದ್ದೆ. ದೇವರು ಕಾಲು ಮುರಿದು ಹೆಣ್ಣು ಕೊಟ್ಟ. ನೋಡ್ತಾ ಇರು, ಇವಳ ಮದುವೇಲಿ ಎಂಥ ಕೊಂಬಿನ ದನ ಬರ್ತಾವೆ ಅಂತ!" ಅಂತ ಕಂಡವರಿಗೆಲ್ಲ ಹೇಳುತ್ತಿದ್ದ. ಪಕ್ಕದವನು, "ಮೊದ್ಲು ಒಂದು ಕಾಲ ಮೇಲಾದ್ರೂ ನಿಂತ್ಕೋ, ಆಮೇಲೆ ದನ ಎಣಿಸು" ಅಂದರೂ ಅವನ ಉತ್ಸಾಹ ಇಳಿಯಲಿಲ್ಲ.

ಮರಳಿನ ಚೀಲ ಬಿಚ್ಚುವ ದಿನವೂ ಬಂತು. ಕೆಯಾಕ್ ಊರುಗೋಲಿನ ಮೇಲೆ ನಿಂತ. ಅವರ ಊರಿನ ದೋಣಿ ಕಟ್ಟೆಗೆ ಬಂತು. ತಾಬಿತಾಳ ಗಾಯವೂ ಕೂಡಿತ್ತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಜವಾಗ್ಲೂ ಕರ್ಕೊಂಡು ಹೋಗ್ತಾರಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ನ್ಯಾತಾಪ್ ಹುಡುಗಿಯ ಬಟ್ಟೆ ಒಗೆದು ಗಂಟು ಕಟ್ಟಿದ್ದಳು. ಗಂಟನ್ನು ದೋಣಿಯ ಹತ್ತಿರ ಇಟ್ಟು ಹಿಂದೆ ಸರಿದಳು. ಆಗ ತಾಬಿತಾಗೆ ಅರ್ಥವಾಯಿತು. ಓಡಿಹೋಗಿ ಗುಡಾರದ ಹಗ್ಗ ತಬ್ಬಿಕೊಂಡು ಅರಚತೊಡಗಿದಳು. ನಡೆಯಬಲ್ಲವರೆಲ್ಲ ಹೊರಗೆ ಬಂದು ನಿಂತರು.

"ಎತ್ಕೊಂಡು ಬಾರೇ, ಬಿಸಿಲೇರ್ತಾ ಇದೆ" ಅಂದ ಕೆಯಾಕ್.

ರೆಬೆಕಾ ಅಲುಗಲಿಲ್ಲ. "ಹೆಣ್ಮಗು ಅಮ್ಮನ ತಾಯಿ ಮನೇಲಿ ಬೆಳೀಬೇಕು. ಹಲ್ಲು ಗಟ್ಟಿಯಾಗೋ ತನಕ ಆದ್ರೂ" ಅಂದಳು.

"ನಿನ್ನ ತಾಯಿ ಸತ್ತು ಎಷ್ಟು ಮಳೆಗಾಲ ಆಯ್ತು? ಗೋರಿ ಹತ್ರ ಬಿಡ್ತೀಯಾ?"

"ಇಲ್ಲಿದಾಳಲ್ಲ." ರೆಬೆಕಾ ತಿರುಗಿ ನ್ಯಾತಾಪ್‌ಳನ್ನೇ ನೋಡಿದಳು. "ಮಗಳನ್ನ ಕೊಟ್ಟೆ. ಅವಳಿಗೆ ಅಜ್ಜಿ ಬೇಡ್ವಾ? ನನ್ನ ಮಗಳಿಗೆ ನೀನು ಅಜ್ಜಿ ಆದ್ರೆ ನನಗೇನಾಗ್ತೀಯ? ನೀನೇ ಹೇಳು ಅವ್ವಾ."

ಅಷ್ಟೊಂದು ಮಾತು ಆಕೆಯ ಬಾಯಿಂದ ನಾನು ಕೇಳಿರಲಿಲ್ಲ. ಕೆಯಾಕ್‌ಗೂ ಹೊಸದಿರಬೇಕು. ಆದರೆ ನ್ಯಾತಾಪ್‌ಳ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ನನ್ನ ಮಗನ್ನ ತಿಂದ ಊರು ನಿಂದು. ಯಾವ ಬಾಯಲ್ಲಿ ಅವ್ವ ಅಂತೀಯ?"

"ಇರೋದು ಇದೊಂದೇ ಬಾಯಿ."

"ಬೋಲ್‌ನ ಹೊಡೆದೋನು ಯಾರು ಅಂತ ನಿಂಗೊತ್ತು. ನಿನ್ನ ಕಣ್ಣಲ್ಲೇ ಕಾಣ್ತಿದೆ."

ರೆಬೆಕಾ ಹೊಳೆಯ ಕಡೆ ನೋಡಿದಳು. "ಗೊತ್ತು. ಕೇಳ್ಬೇಡ ಅವ್ವಾ. ಕೇಳಿದ್ರೆ ಹೇಳ್ಬೇಕಾಗತ್ತೆ. ಹೇಳಿದ್ರೆ ಆಮೇಲೆ ನಾನು ನಿನ್ನ ಮಗಳಾಗಿರಕ್ಕಾಗಲ್ಲ. ಇವಳು ನಿನ್ನ ಮೊಮ್ಮಗಳಾಗಿರಕ್ಕಾಗಲ್ಲ."

ನ್ಯಾತಾಪ್ ಬಾಯಿ ತೆರೆದಳು. ಅವಳು ಕೇಳುತ್ತಾಳೆ ಅಂತಲೇ ನಾನು ಅಂದುಕೊಂಡೆ. ನಾನಾಗಿದ್ದರೆ ಕೇಳುತ್ತಿದ್ದೆ, ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಒಂದು ಹೆಸರು ಸಿಕ್ಕಿದರೆ ಮಗನ ಸಾವಿಗೆ ದನ ಕೇಳಬಹುದು, ಹೋರಿ ಕಡಿಸಬಹುದು, ಇಲ್ಲವೇ ಅಣ್ಣನ ಮಗನ ಕೈಗೆ ಬಂದೂಕು ಕೊಡಬಹುದು. ಹಗ್ಗ ತಬ್ಬಿದ ಹುಡುಗಿ ಅಳುತ್ತಲೇ ಇತ್ತು.

ನ್ಯಾತಾಪ್ ಬಾಯಿ ಮುಚ್ಚಿದಳು. ಬಗ್ಗಿ ದೋಣಿಯ ಪಕ್ಕದಿಂದ ಬಟ್ಟೆಯ ಗಂಟು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ದೋಣಿಗೆ ಹೊತ್ತಾಯ್ತು. ಹೋಗಿ ಬಾ ಮಗಳೇ" ಅಂದಳು.

ಆ ಸಂಜೆ ಅವಳು ಜೋಳದ ಮುದ್ದೆಗೆ ಹುಳಿ ಹಾಲು ಸುರಿದು ಒಂದೇ ಬಟ್ಟಲಲ್ಲಿ ತಂದು ತಾಬಿತಾಳ ಎದುರು ಕೂತಳು. ಏಳಬಲ್ಲವರು ಮಂಚದ ಮೇಲೆ ಎದ್ದು ಕೂತರು, ಏಳಲಾಗದವರು ಕತ್ತು ತಿರುಗಿಸಿದರು. ಮೇಲ್‌ಹೊಳೆಯ ರಕ್ತ ಹರಿಯುವ ಹುಡುಗಿ, ಮಗನ ಸಾವಿನ ರಾಜಿಯಾಗದ ಮುದುಕಿ, ಒಂದೇ ಬಟ್ಟಲು. ಮಗಳ ಮಗಳು ಅಂತ ಬಾಯಲ್ಲಿ ಹೇಳಿದರೆ ನಂಜು ಒಪ್ಪುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ನಂಜು ಹಿಡಿಯುವುದಾದರೆ ಹಿರಿಯರನ್ನು ಮೊದಲು ಹಿಡಿಯುತ್ತದೆ ಅನ್ನುತ್ತಾರೆ. ಅದಕ್ಕೇ ಇರಬೇಕು, ಮೊದಲ ತುತ್ತು ತಾನೇ ಬಾಯಿಗಿಟ್ಟು ನುಂಗಿ, ಆಮೇಲೆ ಬಟ್ಟಲನ್ನು ಹುಡುಗಿಯ ಕಡೆ ತಳ್ಳಿದಳು.

ಬೆಳಗಾಗುತ್ತಲೇ ನಾನು ರೋಗಿಗಳ ಕಡೆ ಹೋಗಲಿಲ್ಲ, ಅವಳ ಚಾಪೆಯ ಹತ್ತಿರ ಹೋದೆ. ಕಣ್ಣು ಮುಚ್ಚಿ ಮಲಗಿದ್ದಳು, ಹುಡುಗಿ ಅವಳ ತೋಳಿನ ಮೇಲೆ. ಮೂಗಿನ ಹತ್ತಿರ ಬೆರಳು ಹಿಡಿದೆ.

"ಏನೋ, ಸತ್ತಿದೀನಾ ಅಂತ ನೋಡಕ್ ಬಂದ್ಯಾ?"

"ಹೂಂ ಅಜ್ಜಿ" ಅಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಆಗ್ದೆ ಇರತ್ತಾ? ಸತ್ರೂ ಸರಿ ಅಂತಾನೇ ಕೂತೆ." ಮೊಮ್ಮಗಳು ಏಳದ ಹಾಗೆ ಮೆಲ್ಲಗೆ ತೋಳು ಸರಿಮಾಡಿಕೊಂಡಳು. "ಆದ್ರೆ ಎಂಥ ಹಸಿವು ಅಂತೀಯ. ಇನ್ನೊಂದ್ಸಲ ಬಡಿಸ್ಕೊಂಡು ಉಂಡೆ."